ಉಸಿರು ಹಿಡೀರಿ

ದಾವಣಗೆರೆ ಮಂಡಿಪೇಟೆ, ಖಲಂದರ್ ಸಾಬರ ಅಂಗಡಿ.
ಗಾಜಿನ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ
ಎರಡು ಲೆನ್ಸು ಮಲಗಿಸಿದ್ದಾರೆ,
ಹೆರಿಗೆ ವಾರ್ಡಿನಲ್ಲಿ ಅದಲುಬದಲಾದೀತೆಂದು
ಕಾಲಿಗೆ ಚೀಟಿ ಕಟ್ಟಿದ ಕೂಸುಗಳ ಹಾಗೆ:
ಒಂದಕ್ಕೆ ಎಪ್ಪತ್ತು–ಮುನ್ನೂರು,
ಇನ್ನೊಂದಕ್ಕೆ ಎಪ್ಪತ್ತು–ಇನ್ನೂರು.

ಕಾಣುವ ದೂರ ಕಡಿಮೆ, ಬೆಲೆ ಮಾತ್ರ ಮೂರು ಪಟ್ಟು.
ಇದ್ಯಾವ ಲೆಕ್ಕ ಸಾಬರೇ, ಅಂದೆ.
"ಬಾಯಿ ನೋಡ್ರಿ ಮೇಡಂ."
ದೊಡ್ಡದರದು ಹಗೇವಿನ ಬಾಯಿ.
ಎಷ್ಟು ದೂರ ಚಾಚಿದರೂ ಕಿರಿದಾಗುವುದಿಲ್ಲವಂತೆ,
ಸಂಜೆಗತ್ತಲಲ್ಲೂ ಬೊಗಸೆ ಬೊಗಸೆ ಬೆಳಕು ಕುಡಿಯುತ್ತದಂತೆ.
ಸಣ್ಣದು ದೂರ ನೋಡಲು ಹೋದಂತೆಲ್ಲ
ಬಿಸಿಲಿಗೆ ಬಂದ ನಮ್ಮತ್ತೆಯ ಹಾಗೆ
ಕಣ್ಣು ಕಿರಿದು ಮಾಡುತ್ತದೆ.

ದೊಡ್ಡದನ್ನು ಎತ್ತಿಕೊಂಡೆ. ಒಂದೂವರೆ ಕಿಲೋ.
ಮದುವೆಮನೆಗಳಲ್ಲಿ ಹದಿನಾಲ್ಕು ವರ್ಷ ದುಡಿದ ಮಾಲು,
ಜಗಳೂರಿನ ಯಾರೋ ಕೊಟ್ರೇಶಪ್ಪನದು.
ಝೂಮಿನ ರಬ್ಬರು ಪಟ್ಟಿಯ ಗೀರುಗಳಲ್ಲಿ
ಅಕ್ಷತೆಯ ಅರಿಶಿನ ಇನ್ನೂ ಕೂತಿತ್ತು.
ಉಗುರಿನಿಂದ ಕೆರೆದೆ. ಹೋಗಲಿಲ್ಲ.
ಟ್ಯೂಬ್‌ಲೈಟಿಗೆ ಹಿಡಿದು ಒಳಗೆ ನೋಡಿದೆ
(ನನ್ನ ನೌಕರಿಯೇ ಅದಲ್ಲವೆ),
ಮೂಲೆಯಲ್ಲೊಂದು ಬಿಳಿ ಎಳೆ,
ಹಳೇ ಕ್ಷಯದ ಕಲೆಯಷ್ಟು.
"ಅದರಿಂದ ಏನೂ ಆಗಂಗಿಲ್ಲ," ಅಂದರು ಸಾಬರು.
ನಮ್ಮ ಡಾಕ್ಟರೂ ಹಾಗೇ ಅನ್ನುತ್ತಾರೆ.

ಬಾಗಿಲಲ್ಲಿ ನಿಂತು ನೋಡ್ರಿ, ಅಂದರು.
ನಿಂತೆ.
ಬೀದಿಯ ಆ ತುದಿ ತಟ್ಟನೆ ಮೂಗಿನ ಹತ್ತಿರ ಬಂತು.
ಮೂಟೆ ಗಾಡಿಯ ಮೇಲೆ ಕೂತ ಹಮಾಲಿಯೊಬ್ಬ
ಬೆರಳಿಗೆ ಉಗುಳು ಹಚ್ಚಿ ನೋಟು ಎಣಿಸುತ್ತಿದ್ದ.
ಎಣಿಸಿ, ಒಂದನ್ನು ಬೇರೆ ತೆಗೆದು,
ಸುತ್ತ ನೋಡಿ,
ಬನಿಯನ್ನಿನ ಒಳಜೇಬಿಗೆ ಇಳಿಸಿದ.
ಸುತ್ತ ನೋಡುವಾಗ ನನ್ನ ಕಡೆಗೂ ನೋಡಿದ,
ನಾನು ಕಾಣಲಿಲ್ಲ.

ದಿನಕ್ಕೆ ಅರವತ್ತು ಎದೆಗಳ ಒಳಗು ನೋಡುವವಳು ನಾನು,
ಆಸ್ಪತ್ರೆಯ ಎಕ್ಸರೇ ಕೋಣೆಯಲ್ಲಿ.
ಅಲ್ಲಿ ಹೇಳಿಯೇ ನೋಡುತ್ತೇನೆ:
ಗದ್ದ ಮೇಲೆ, ಭುಜ ಮುಂದೆ, ಉಸಿರು ಹಿಡೀರಿ.
ಇವನಿಗೆ ಯಾರೂ ಏನೂ ಹೇಳಿರಲಿಲ್ಲ.
ಕೈ ನಡುಗಿತೋ, ಭಾರಕ್ಕೆ ಸೋತಿತೋ,
ಬೀದಿಯೆಲ್ಲ ಕುಣಿಯತೊಡಗಿತು.

ಹಿಂದಿನಿಂದ ಸಾಬರು:
"ಉಸಿರು ಹಿಡೀರಿ ಮೇಡಂ."

ಹನ್ನೊಂದು ವರ್ಷದಲ್ಲಿ ಆ ಮಾತನ್ನು
ನನಗೆ ಯಾರೂ ಅಂದಿರಲಿಲ್ಲ.
ಹಿಡಿದೆ. ಬೀದಿ ನಿಂತಿತು.
ಬಿಡಿ ಅನ್ನಲೆಂದು ಕಾಯುತ್ತಲೇ ಇದ್ದೆ;
ಅವರು ಯಾರದೋ ಪಾಸ್‌ಪೋರ್ಟ್ ಫೋಟೊ ಕತ್ತರಿಸಲು
ಒಳಗೆ ಹೋಗಿಬಿಟ್ಟಿದ್ದರು.

ಮನೆಗೆ ಫೋನು ಮಾಡಿದರೆ ನಾಗನಗೌಡನ ತೀರ್ಪು:
"ದೊಡ್ಡದೇ ತಗಾ, ಮತ್ ಮತ್ ತಗಳಾಕಾಗತ್ತಾ?"
ಕುಕ್ಕರು ಕೊಳ್ಳುವಾಗಲೂ ಇದನ್ನೇ ಅಂದಿದ್ದ.
ಹತ್ತು ಲೀಟರಿನದು ಅಟ್ಟದ ಮೇಲಿದೆ.

ಸಣ್ಣದನ್ನು ಕೊಂಡೆ.
ಕತ್ತಲಲ್ಲಿ ನನ್ನ ಕೈಲಾಗದು ಅಂತ
ಅದು ಮೊದಲೇ ಒಪ್ಪಿಕೊಂಡಿದೆ.
ನನ್ನ ರಾತ್ರಿಪಾಳಿ ಮುಗಿಯುವುದೂ ಬೆಳಕಿಗೇ.

ಕೊಂಡಜ್ಜಿ ಕೆರೆ, ಏಳೂವರೆ.
ನಿದ್ದೆಗಣ್ಣು, ಬ್ಯಾಗಿನಲ್ಲಿ ಇನ್ನೂ ಐಡಿ ಕಾರ್ಡು.
ನೀರಿನ ನಡುವೆ ಒಣಗಿದ ಜಾಲಿಕೊಂಬೆ,
ಅದರ ತುದಿಗೊಂದು ನೀರುಕಾಗೆ
ರೆಕ್ಕೆ ಒಣಗಹಾಕಿ ನಿಂತಿತ್ತು,
ನನ್ನ ಪೇಷೆಂಟುಗಳ ಹಾಗೇ,
ಭುಜ ಮುಂದೆ, ಗದ್ದ ಮೇಲೆ, ಯಾರೂ ಹೇಳದೆ.
ಮುನ್ನೂರಕ್ಕೆ ತಿರುಗಿಸಿದೆ. ಇನ್ನೂ ಹೆಬ್ಬೆರಳಿನಷ್ಟೇ.
ಆ ಇನ್ನೊಂದಾಗಿದ್ದರೆ ಕಿರುಬೆರಳಿನಷ್ಟು.
ನಾಲ್ಕು ಹೆಜ್ಜೆ ಕೆಸರಿಗಿಳಿದೆ,
ಉಸಿರು ಹಿಡಿದೆ,
ಅದು ಹಾರಿತು.

ಫೋಟೊದಲ್ಲಿರುವುದು ಕೊಂಬೆ,
ಹಿಕ್ಕೆಯ ಬಿಳಿ ಗೆರೆಗಳು,
ರೆಕ್ಕೆಯಿಂದಲೋ ಕೊಂಬೆಯಿಂದಲೋ
ಬೀಳುತ್ತಿರುವ ಒಂದು ಹನಿ.
ಎಷ್ಟು ಚೂಪಾಗಿ ಬಂದಿದೆ ಅಂತೀರಿ, ಆ ಹನಿ.